ತಲೆಯಿಂದ ಬಾಲದವರೆಗೆ: ಇಲಿಯ ಲಿವರ್‌ನಿಂದ ಪೂರ್ಣ ಟ್ರಾನ್ಸ್‌ಕ್ರಿಪ್ಟ್ ತೆಗೆದು ಪಟ್ಟಿ ಮಾಡುವ ಕ್ರಮ

"ಲೈಬ್ರರಿ ಮಾಡಿದೆವು, ಕಾಲೊನಿಗಳೂ ಚೆನ್ನಾಗಿ ಬಂದವು. ಸೀಕ್ವೆನ್ಸ್ ನೋಡಿದರೆ ಎಲ್ಲದರಲ್ಲೂ ಬಾಲ ಮಾತ್ರ ಇದೆ, ತಲೆ ಇಲ್ಲ." ಜೀನ್‌ನಿಂದ ಬರುವ ಆರ್‌ಎನ್‌ಎ ಪ್ರತಿಗೆ ಟ್ರಾನ್ಸ್‌ಕ್ರಿಪ್ಟ್ ಎನ್ನುತ್ತೇವೆ, ಅವುಗಳ ಡಿಎನ್‌ಎ ನಕಲುಗಳನ್ನು ಬ್ಯಾಕ್ಟೀರಿಯದಲ್ಲಿ ಕೂಡಿಟ್ಟ ಸಂಗ್ರಹವೇ ಲೈಬ್ರರಿ. ಹೊಸದಾಗಿ ಈ ಕೆಲಸಕ್ಕೆ ಕೈ ಹಾಕಿದವರು ನನ್ನ ಹತ್ತಿರ ಹೇಳಿಕೊಳ್ಳುವುದು ಹೆಚ್ಚುಕಡಿಮೆ ಇದನ್ನೇ. ಆಮೇಲೆ ಕೇಳುವ ಪ್ರಶ್ನೆಯೂ ಒಂದೇ: ಯಾವ ಎನ್‌ಜೈಮ್ ಬದಲಾಯಿಸಬೇಕು?

ಬಹಳ ಸಲ ಎನ್‌ಜೈಮ್ ತಪ್ಪಿರುವುದಿಲ್ಲ. ಎಂಆರ್‌ಎನ್‌ಎ ಎಂದರೆ ಪ್ರೋಟೀನ್ ಮಾಡಲು ಸಂದೇಶ ಒಯ್ಯುವ ಆರ್‌ಎನ್‌ಎ. ಅದರ ತಲೆಯಲ್ಲಿ, ಅಂದರೆ 5 ಪ್ರೈಮ್ ತುದಿಯಲ್ಲಿ, ಕ್ಯಾಪ್ ಎಂಬ ರಾಸಾಯನಿಕ ಟೋಪಿ ಇರುತ್ತದೆ. ಬಾಲದಲ್ಲಿ ಸಾಲಾಗಿ ಎ ಬೇಸ್‌ಗಳಿರುತ್ತವೆ. ನಾವು ಅದರ ಡಿಎನ್‌ಎ ನಕಲು (ಸಿಡಿಎನ್‌ಎ) ಶುರು ಮಾಡುವುದು ಬಾಲ ಹಿಡಿದು. ಮಧ್ಯದಲ್ಲಿ ಆರ್‌ಎನ್‌ಎ ತುಂಡಾಗಿದ್ದರೆ ನಕಲು ಅಲ್ಲೇ ನಿಲ್ಲುತ್ತದೆ. ಎಷ್ಟು ದುಬಾರಿ ಎನ್‌ಜೈಮ್ ತಂದರೂ ಇಲ್ಲದ ತಲೆಯನ್ನು ಅದು ಹುಟ್ಟಿಸುವುದಿಲ್ಲ. ಹಾಗಾಗಿ ಈ ಬರಹದ ಅರ್ಧ ಭಾಗ ಎನ್‌ಜೈಮ್ ಹಾಕುವ ಮುಂಚಿನ ಕೆಲಸದ ಬಗ್ಗೆಯೇ ಇದೆ.

ಉದಾಹರಣೆಗೆ ಇಲಿಯ ಲಿವರ್ ತೆಗೆದುಕೊಂಡಿದ್ದೇನೆ. ಅದು ಮೆದು, ಬೇಗ ಅರೆಯುತ್ತದೆ, ಆರ್‌ಎನ್‌ಎ ಧಾರಾಳವಾಗಿ ಸಿಗುತ್ತದೆ. ತಳಿ ಸಿ57ಬಿಎಲ್/6ಜೆ ಆಗಿರಲಿ. ಇಲಿಯ ರೆಫರೆನ್ಸ್ ಜೀನೋಮ್ ಈ ತಳಿಯದ್ದೇ. ಬೇರೆ ತಳಿ ತಂದರೆ ಮುಂದೆ ಒಂದೊಂದು ಬೇಸ್ ವ್ಯತ್ಯಾಸಕ್ಕೂ "ಇದು ತಳಿಯ ಗುಣವೋ, ನನ್ನ ತಪ್ಪೋ" ಎಂದು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಮೇದೋಜೀರಕ ಗ್ರಂಥಿಯಿಂದ, ಅಂದರೆ ಪ್ಯಾಂಕ್ರಿಯಾಸ್‌ನಿಂದ, ದಯವಿಟ್ಟು ಶುರು ಮಾಡಬೇಡಿ. ಅದರಲ್ಲಿ ಆರ್‌ಎನ್‌ಎ ಕತ್ತರಿಸುವ ಆರ್‌ಎನ್‌ಏಸ್ ತುಂಬಿರುತ್ತದೆ.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಪ್ರಾಣಿ ಬಳಸಲು ನಿಮ್ಮ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಕಾಗದ ಮೊದಲು ಬೇಕು. ಅದು ಕೈಗೆ ಬರುವವರೆಗೆ ಉಳಿದ ಸಿದ್ಧತೆ ಮಾಡಿಕೊಳ್ಳಿ.

ಬೇಕಾಗುವ ಸಾಮಾನು: ದ್ರವ ಸಾರಜನಕ, ಟ್ರೈಜಾಲ್ ಅಥವಾ ಅಂಥದೇ ಫೀನಾಲ್-ಗ್ವಾನಿಡಿನ್ ದ್ರಾವಣ, ಕ್ಲೋರೋಫಾರ್ಮ್, ಐಸೊಪ್ರೊಪನಾಲ್, ಆರ್‌ಎನ್‌ಏಸ್ ಇಲ್ಲದ ನೀರಿನಲ್ಲಿ ಮಾಡಿದ 75% ಎಥನಾಲ್, ಹೋಮೊಜಿನೈಸರ್, 4 ಡಿಗ್ರಿಗೆ ತಂಪಾಗುವ ಸೆಂಟ್ರಿಫ್ಯೂಜ್, ಫಿಲ್ಟರ್ ಇರುವ ಟಿಪ್, ಫ್ಯೂಮ್ ಹುಡ್, −80 ಡಿಗ್ರಿ ಫ್ರೀಜರ್. ಕ್ಲೋನ್ ಮಾಡುವವರಿಗೆ, ಅಂದರೆ ಒಂದೊಂದು ನಕಲನ್ನು ಬ್ಯಾಕ್ಟೀರಿಯದೊಳಗೆ ಸೇರಿಸಿ ಬೆಳೆಸುವವರಿಗೆ, ಇವುಗಳ ಜೊತೆ ಎಲೆಕ್ಟ್ರೊಪೊರೇಟರ್ (ವಿದ್ಯುತ್ ಹೊಡೆತದಿಂದ ಡಿಎನ್‌ಎಯನ್ನು ಬ್ಯಾಕ್ಟೀರಿಯದೊಳಗೆ ಸೇರಿಸುವ ಯಂತ್ರ), 384 ಗುಂಡಿಯ ಪ್ಲೇಟ್‌ಗಳು.

ಇನ್ನೊಂದು ಬೇಕು: ಒಂದು ದಪ್ಪ ನೋಟ್‌ಬುಕ್. ಪಟ್ಟಿ ಮಾಡುವ ಕೆಲಸ ಕೊನೆಯಲ್ಲಿ ಕಂಪ್ಯೂಟರ್ ಮುಂದೆ ಶುರುವಾಗುವುದಲ್ಲ. ಲಿವರ್ ತೆಗೆದ ಗಂಟೆ ಬರೆದುಕೊಳ್ಳುವುದರಿಂದಲೇ ಶುರುವಾಗುತ್ತದೆ.

## ಹಂತ 1: ಬೆಂಚ್ ಸಿದ್ಧ ಮಾಡುವುದು

ಆರ್‌ಎನ್‌ಏಸ್ ನಮ್ಮ ಕೈಯಲ್ಲಿ, ಬೆವರಲ್ಲಿ, ಧೂಳಲ್ಲಿ ಇದ್ದೇ ಇರುತ್ತದೆ. ಅದನ್ನು ಆಟೋಕ್ಲೇವ್ ಮಾಡಿ ಕೊಂದೆ ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಆರ್‌ಎನ್‌ಏಸ್ ಎ ಎಂಬ ಪ್ರೋಟೀನನ್ನು ನಾಲ್ಕು ಗಂಧಕದ ಕೊಂಡಿಗಳು ಬಿಗಿಯಾಗಿ ಹಿಡಿದಿರುತ್ತವೆ. ಬಿಸಿಗೆ ಬಿಚ್ಚಿಕೊಂಡರೂ ತಣ್ಣಗಾದ ಮೇಲೆ ಮತ್ತೆ ಮಡಚಿಕೊಂಡು ಕೆಲಸಕ್ಕೆ ಇಳಿಯುತ್ತದೆ.

ಗಾಜಿನ ಸಾಮಾನನ್ನು ಒಣ ಒಲೆಯಲ್ಲಿ 240 ಡಿಗ್ರಿಗೆ 4 ಗಂಟೆ ಇಡಿ. ನೀರಿಗೆ ಆರ್‌ಎನ್‌ಏಸ್ ಕೆಡಿಸುವ ಡಿಇಪಿಸಿ ಎಂಬ ರಾಸಾಯನಿಕವನ್ನು 0.1% ಹಾಕಿ, ರಾತ್ರಿಯಿಡೀ ಬಿಟ್ಟು, ಮಾರನೆ ದಿನ ಆಟೋಕ್ಲೇವ್ ಮಾಡಿ. ಟ್ರಿಸ್ ಬಫರ್‌ಗೆ ಮಾತ್ರ ಡಿಇಪಿಸಿ ನೇರವಾಗಿ ಹಾಕಬೇಡಿ, ಎರಡೂ ಒಂದರೊಡನೊಂದು ಸೇರಿಕೊಂಡು ಡಿಇಪಿಸಿ ವ್ಯರ್ಥವಾಗುತ್ತದೆ. ಡಿಇಪಿಸಿ ಹಾಕಿದ ನೀರಿನಲ್ಲಿ ಟ್ರಿಸ್ ಕರಗಿಸಿ.

ಬ್ಯಾಕ್ಟೀರಿಯದಿಂದ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರ ತೆಗೆಯುವ ಬೆಂಚ್‌ನಲ್ಲಿ ಈ ಕೆಲಸ ಬೇಡ. ಅಲ್ಲಿ ಬಳಸುವ ಬಫರ್‌ನಲ್ಲಿ ಆರ್‌ಎನ್‌ಏಸ್ ಎ ಬೇಕೆಂದೇ ಸೇರಿಸಿರುತ್ತಾರೆ. ಪಿಪೆಟ್‌ಗಳೂ ಬೇರೆ ಇರಲಿ. ಗ್ಲೌಸ್ ಹಾಕಿಕೊಂಡ ಕೈಯಲ್ಲಿ ಫೋನ್ ಮುಟ್ಟಿದಿರಾ? ಗ್ಲೌಸ್ ಬದಲಿಸಿ.

## ಹಂತ 2: ಅಂಗಾಂಶ ತೆಗೆಯುವುದು

ಇಡೀ ಕೆಲಸದಲ್ಲಿ ಅವಸರ ಮಾಡಬೇಕಾದ ಜಾಗ ಇದೊಂದೇ. ರಕ್ತದ ಹರಿವು ನಿಂತ ಕೂಡಲೇ ಜೀವಕೋಶದೊಳಗೆ ಆರ್‌ಎನ್‌ಎ ಒಡೆಯಲು ಶುರುವಾಗುತ್ತದೆ. ಜೀನ್‌ಗಳ ಚಟುವಟಿಕೆಯೂ ಬದಲಾಗುತ್ತದೆ. ಕೆಲವೇ ನಿಮಿಷದಲ್ಲಿ ಲಿವರ್ ತುಂಡು ದ್ರವ ಸಾರಜನಕಕ್ಕೆ ಬಿದ್ದಿರಬೇಕು.

ಪಿತ್ತಕೋಶ ಒಡೆಯದಂತೆ ಮೊದಲೇ ಬೇರ್ಪಡಿಸಿ. ಲಿವರನ್ನು ಸುಮಾರು 50 ಮಿಲಿಗ್ರಾಂನ ಚಿಕ್ಕ ತುಂಡು ಮಾಡಿ, ಒಂದೊಂದು ಟ್ಯೂಬ್‌ಗೆ ಒಂದೊಂದು ಹಾಕಿ. ದೊಡ್ಡ ತುಂಡು ಹಾಕಿದರೆ ಹೊರಗೆ ಗಟ್ಟಿಯಾಗಿ ಒಳಗೆ ಬೆಚ್ಚಗೇ ಉಳಿದಿರುತ್ತದೆ.

ದ್ರವ ಸಾರಜನಕ ಸಿಗದ ಕಡೆ ಆರ್‌ಎನ್‌ಎ ಒಡೆಯದಂತೆ ಕಾಯುವ ಆರ್‌ಎನ್‌ಎಲೇಟರ್ ದ್ರವ ನಡೆಯುತ್ತದೆ. ಅಂಗಾಂಶದ 5ರಿಂದ 10 ಪಟ್ಟು ದ್ರವ ಇರಲಿ. ತುಂಡು ಒಂದು ಬದಿಯಲ್ಲಾದರೂ ಅರ್ಧ ಸೆಂಟಿಮೀಟರ್‌ಗಿಂತ ತೆಳ್ಳಗಿರಬೇಕು. ಒಂದು ರಾತ್ರಿ 4 ಡಿಗ್ರಿಯಲ್ಲಿಟ್ಟು ಆಮೇಲೆ ಫ್ರೀಜರ್‌ಗೆ ಹಾಕಿ. ಆಗಲೇ ಹೆಪ್ಪುಗಟ್ಟಿದ ಅಂಗಾಂಶವನ್ನು ಇದರಲ್ಲಿ ಅದ್ದಿ ಪ್ರಯೋಜನವಿಲ್ಲ.

ಎಡವುವ ಜಾಗ: −80ರಿಂದ ತೆಗೆದ ಟ್ಯೂಬನ್ನು ಐಸ್ ಮೇಲಿಟ್ಟು "ಸ್ವಲ್ಪ ಮೆತ್ತಗಾಗಲಿ" ಎಂದು ಕಾಯುವುದು. ಹೆಪ್ಪುಗಟ್ಟುವಾಗ ಜೀವಕೋಶಗಳು ಒಡೆದಿರುತ್ತವೆ. ಕರಗಿದ ಕ್ಷಣ ಒಳಗಿನ ಆರ್‌ಎನ್‌ಏಸ್ ಎಲ್ಲವೂ ಹೊರಗೆ ಬರುತ್ತದೆ. ಬಾಲ ಮಾತ್ರ ಸಿಗುವ ಲೈಬ್ರರಿಗಳ ಮೂಲ ಹುಡುಕಿದಾಗ ನಾನು ಅತಿ ಹೆಚ್ಚು ಸಲ ಕಂಡಿದ್ದು ಈ ಎರಡು ನಿಮಿಷದ ಕಾಯುವಿಕೆಯನ್ನೇ. ಗಟ್ಟಿಯಾಗಿರುವಾಗಲೇ ಟ್ರೈಜಾಲ್‌ಗೆ ಹಾಕಿ, ಹಾಕಿದ ಕೂಡಲೇ ಅರೆಯಿರಿ.

ಇಲಿಯ ಲಿಂಗ, ವಯಸ್ಸು, ಊಟ ಮಾಡಿತ್ತೋ ಹಸಿದಿತ್ತೋ, ತೆಗೆದ ಗಂಟೆ ಎಷ್ಟು, ಎಲ್ಲ ಬರೆದಿಡಿ. ಲಿವರ್‌ನ ಎಷ್ಟೋ ಜೀನ್‌ಗಳು ಹಗಲು ರಾತ್ರಿಯ ಲಯಕ್ಕೆ ತಕ್ಕಂತೆ ಏರಿಳಿಯುತ್ತವೆ. ಮೂತ್ರದ ಪ್ರೋಟೀನ್‌ಗಳನ್ನು ಮಾಡುವ ಎಂಯುಪಿ ಜೀನ್‌ಗಳು ಗಂಡಿಲಿಯ ಲಿವರ್‌ನಲ್ಲಿ ಬಹಳ ಜಾಸ್ತಿ. ಗಂಡು ಹೆಣ್ಣು ಬರೆದಿಡದಿದ್ದರೆ ನಿಮ್ಮ ಪಟ್ಟಿಯಲ್ಲಿ ಅವು ಯಾಕೆ ಹಾಗಿವೆ ಎಂದು ಮುಂದೆ ಯಾರಿಗೂ ಗೊತ್ತಾಗುವುದಿಲ್ಲ.

## ಹಂತ 3: ಒಟ್ಟು ಆರ್‌ಎನ್‌ಎ ಬೇರ್ಪಡಿಸುವುದು

50 ಮಿಲಿಗ್ರಾಂ ಲಿವರ್‌ಗೆ 1 ಮಿಲಿಲೀಟರ್ ಟ್ರೈಜಾಲ್. ಅಂಗಾಂಶದ ಪ್ರಮಾಣ ದ್ರಾವಣದ ಹತ್ತನೇ ಒಂದು ಭಾಗ ದಾಟಬಾರದು. ಜಾಸ್ತಿ ಅಂಗಾಂಶ ಹಾಕಿದರೆ ಜಾಸ್ತಿ ಆರ್‌ಎನ್‌ಎ ಬರುವುದಿಲ್ಲ, ಕೊಳಕು ಬರುತ್ತದೆ.

ಅರೆದು 5 ನಿಮಿಷ ಬಿಡಿ. 0.2 ಮಿಲಿಲೀಟರ್ ಕ್ಲೋರೋಫಾರ್ಮ್ ಹಾಕಿ 15 ಸೆಕೆಂಡ್ ಜೋರಾಗಿ ಕುಲುಕಿ, 2–3 ನಿಮಿಷ ಬಿಟ್ಟು, 4 ಡಿಗ್ರಿಯಲ್ಲಿ 12,000 ಜಿ ವೇಗಕ್ಕೆ 15 ನಿಮಿಷ ತಿರುಗಿಸಿ. ಮೂರು ಪದರ ಕಾಣುತ್ತದೆ. ಕೆಳಗೆ ಗುಲಾಬಿ ಬಣ್ಣದ ಫೀನಾಲ್, ನಡುವೆ ಬಿಳಿ ಕೆನೆ, ಮೇಲೆ ತಿಳಿ ನೀರು. ಆರ್‌ಎನ್‌ಎ ಇರುವುದು ಮೇಲಿನ ತಿಳಿಯಲ್ಲಿ.

ಆ ತಿಳಿಯನ್ನು ಕೊನೇ ಹನಿಯವರೆಗೂ ಹೀರಬೇಕೆಂಬ ಆಸೆ ಬರುತ್ತದೆ. ಬೇಡ. ಕೆನೆಯ ಮೇಲೆ ಸ್ವಲ್ಪ ಬಿಟ್ಟುಬಿಡಿ. ಕೆನೆಯಲ್ಲಿ ಜೀನೋಮ್ ಡಿಎನ್‌ಎ ಇದೆ, ಲಿವರ್‌ನಲ್ಲಿ ಆರ್‌ಎನ್‌ಎಗೆ ಕೊರತೆಯೂ ಇಲ್ಲ. 1 ಮಿಲಿಗ್ರಾಂ ಲಿವರ್‌ಗೆ 6ರಿಂದ 10 ಮೈಕ್ರೋಗ್ರಾಂ ಸಿಗುತ್ತದೆ. ನಿಮ್ಮ 50 ಮಿಲಿಗ್ರಾಂ ತುಂಡಿನಿಂದಲೇ 300–500 ಮೈಕ್ರೋಗ್ರಾಂ ಬರುತ್ತದೆ.

ಊಟ ಮಾಡಿದ ಇಲಿಯ ಲಿವರ್‌ನಲ್ಲಿ ಗ್ಲೈಕೊಜೆನ್ ತುಂಬಿರುತ್ತದೆ. ಬರೀ ಐಸೊಪ್ರೊಪನಾಲ್ ಹಾಕಿದರೆ ಅದೂ ಆರ್‌ಎನ್‌ಎ ಜೊತೆ ಕೆಳಗೆ ಕೂರುತ್ತದೆ. ಹಾಗಾಗಿ 0.5 ಮಿಲಿಲೀಟರ್ ಐಸೊಪ್ರೊಪನಾಲ್ ಬದಲು 0.25 ಮಿಲಿಲೀಟರ್ ಐಸೊಪ್ರೊಪನಾಲ್, 0.25 ಮಿಲಿಲೀಟರ್ ಹೆಚ್ಚು ಉಪ್ಪಿನ ದ್ರಾವಣ ಹಾಕಿ. ಆ ದ್ರಾವಣದಲ್ಲಿ 0.8 ಮೋಲಾರ್ ಸೋಡಿಯಂ ಸಿಟ್ರೇಟ್, 1.2 ಮೋಲಾರ್ ಸೋಡಿಯಂ ಕ್ಲೋರೈಡ್ ಇರಬೇಕು. ಗ್ಲೈಕೊಜೆನ್ ನೀರಿನಲ್ಲೇ ಉಳಿಯುತ್ತದೆ, ಆರ್‌ಎನ್‌ಎ ಕೆಳಗೆ ಕೂರುತ್ತದೆ.

10 ನಿಮಿಷ ಬಿಟ್ಟು 12,000 ಜಿಯಲ್ಲಿ 10 ನಿಮಿಷ ತಿರುಗಿಸಿ. ಪೆಲೆಟನ್ನು 75% ಎಥನಾಲ್‌ನಲ್ಲಿ ತೊಳೆದು 7,500 ಜಿಯಲ್ಲಿ 5 ನಿಮಿಷ ತಿರುಗಿಸಿ. ಗಾಳಿಗೆ 5–10 ನಿಮಿಷ ಒಣಗಿಸಿ, ಅಷ್ಟು ಸಾಕು. ಪೂರ್ತಿ ಒಣಗಿ ಬೆಳ್ಳಗೆ ಅಂಟಿಕೊಂಡರೆ ಮತ್ತೆ ಕರಗಿಸುವುದು ಕಷ್ಟ. ಆರ್‌ಎನ್‌ಏಸ್ ಇಲ್ಲದ ನೀರು ಹಾಕಿ 55 ಡಿಗ್ರಿಯಲ್ಲಿ 10 ನಿಮಿಷ ಇಡಿ.

ಜೀವಕ್ಕೆ ಅಪಾಯ: ಟ್ರೈಜಾಲ್ ಚೆಲ್ಲಿದ ಜಾಗಕ್ಕೆ, ಅದರ ಕಸದ ಬಾಟಲಿಗೆ, ಬ್ಲೀಚ್ ಯಾವತ್ತೂ ಹಾಕಬೇಡಿ. ಗ್ವಾನಿಡಿನ್ ಲವಣ ಬ್ಲೀಚ್ ಜೊತೆ ಸೇರಿದರೆ ವಿಷದ ಅನಿಲ ಏಳುತ್ತದೆ. ಫೀನಾಲ್ ಚರ್ಮಕ್ಕೆ ತಾಗಿದಾಗ ಮೊದಲು ಉರಿಯೂ ಗೊತ್ತಾಗದೆ ಇರಬಹುದು. ಹುಡ್ ಒಳಗೆ, ಕನ್ನಡಕ ಹಾಕಿಕೊಂಡು, ಸರಿಯಾದ ಗ್ಲೌಸ್‌ನಲ್ಲೇ ಮಾಡಿ.

## ಹಂತ 4: ಮುಂದೆ ಹೋಗಬಹುದೋ ಇಲ್ಲವೋ ನೋಡುವುದು

ಸುಮ್ನೆ ನ್ಯಾನೋಡ್ರಾಪ್ (ಬೇರೆ ಬೇರೆ ತರಂಗಾಂತರದ ಬೆಳಕು ಎಷ್ಟು ಹೀರಿತು ಎಂದು ಅಳೆಯುವ ಯಂತ್ರ) ನೋಡಿ ಮುಂದೆ ಹೋಗುವವರು ಜಾಸ್ತಿ. 260/280 ಅನುಪಾತ 2.0ರ ಹತ್ತಿರ ಇದೆಯಲ್ಲ, ಸಾಕು ಅಂತ. ಆ ಅಂಕಿ ಹೇಳುವುದು ಪ್ರೋಟೀನ್, ಫೀನಾಲ್ ಕೊಳೆ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ. ನುಚ್ಚುನೂರಾದ ಆರ್‌ಎನ್‌ಎಗೂ 2.0 ಬರುತ್ತದೆ. 260/230 ಅನುಪಾತ 2ಕ್ಕಿಂತ ತುಂಬ ಕೆಳಗಿದ್ದರೆ ಗ್ವಾನಿಡಿನ್ ಉಳಿದಿದೆ ಎಂದು ಅರ್ಥ, ಇನ್ನೊಂದು ಸಲ ಎಥನಾಲ್‌ನಲ್ಲಿ ತೊಳೆಯಿರಿ.

ಉದ್ದ ಉಳಿದಿದೆಯೋ ಎಂದು ಹೇಳುವುದು ಜೆಲ್. ಒಟ್ಟು ಆರ್‌ಎನ್‌ಎಯಲ್ಲಿ 80%ಗಿಂತ ಹೆಚ್ಚು ರೈಬೊಸೋಮ್‌ನದ್ದು, ಎಂಆರ್‌ಎನ್‌ಎ 1ರಿಂದ 5% ಮಾತ್ರ. ಹಾಗಾಗಿ ರೈಬೊಸೋಮ್ ಪಟ್ಟೆಗಳನ್ನೇ ಸಾಕ್ಷಿಯಾಗಿ ನೋಡುತ್ತೇವೆ. 28ಎಸ್ ಪಟ್ಟೆ 18ಎಸ್ ಪಟ್ಟೆಯ ಎರಡು ಪಟ್ಟು ಪ್ರಕಾಶವಾಗಿ, ಅಂಚು ಚೂಪಾಗಿ ಇರಬೇಕು. ಎರಡೂ ಒಂದೇ ಥರ ಕಂಡು, ಕೆಳಗೆ ಮಂಜು ಹರಡಿದ್ದರೆ ಒಡೆದಿದೆ. ಜೆಲ್‌ನ ಬಾವಿಯ, ಅಂದರೆ ಮಾದರಿ ಹಾಕಿದ ಗುಂಡಿಯ, ಹತ್ತಿರ ದಪ್ಪ ಪಟ್ಟೆ ಇದ್ದರೆ ಅದು ಜೀನೋಮ್ ಡಿಎನ್‌ಎ.

ಬಯೋಅನಲೈಸರ್ ಯಂತ್ರ ಇದ್ದರೆ ಆರ್‌ಎನ್‌ಎ ಎಷ್ಟು ಇಡಿಯಾಗಿ ಉಳಿದಿದೆ ಎಂದು ಹೇಳುವ ರಿನ್ ಅಂಕಿ ನೋಡಿ. ಅದು 10ರವರೆಗೆ ಇರುತ್ತದೆ. ಪೂರ್ಣ ಉದ್ದದ ಕೆಲಸಕ್ಕೆ ನನ್ನ ಗೆರೆ 8. ಏಳೂವರೆ ಬಂದಾಗ "ಒಂದು ಸಲ ನೋಡೋಣ" ಅನ್ನಿಸುತ್ತದೆ, ಅಲ್ವಾ? ಇನ್ನೊಂದು ತುಂಡು −80ರಲ್ಲಿ ಇದೆ. ಒಂದು ದಿನ ಕೊಟ್ಟು ಅದರಿಂದ ಮತ್ತೆ ತೆಗೆಯಿರಿ. ಮುಂದಿನ ಮೂರು ವಾರ ಉಳಿಯುತ್ತದೆ.

## ಹಂತ 5: ಜೀನೋಮ್ ಡಿಎನ್‌ಎ ತೊಲಗಿಸುವುದು

ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ 1 ಹಾಕಿ 37 ಡಿಗ್ರಿಯಲ್ಲಿ 20–30 ನಿಮಿಷ ಇಡಿ. ಬಿಸಿ ಮಾಡಿ ಎನ್‌ಜೈಮ್ ನಿಲ್ಲಿಸುವ ಮುಂಚೆ ಮೆಗ್ನೀಸಿಯಂ ಹಿಡಿದಿಟ್ಟುಕೊಳ್ಳುವ ಇಡಿಟಿಎಯನ್ನು 5 ಮಿಲಿಮೋಲಾರ್ ಆಗುವಷ್ಟು ಹಾಕಲೇಬೇಕು. ಮೆಗ್ನೀಸಿಯಂ ಇರುವ ಬಫರ್‌ನಲ್ಲಿ ಆರ್‌ಎನ್‌ಎ ಬಿಸಿ ಮಾಡಿದರೆ ತಾನಾಗೇ ತುಂಡಾಗುತ್ತದೆ. ಈ ಕ್ರಮ ತಿರುಗುಮುರುಗಾಗಿ ಒಳ್ಳೆಯ ಆರ್‌ಎನ್‌ಎ ಹಾಳಾಗಿದ್ದನ್ನು ಬಹಳ ಸಲ ನೋಡಿದ್ದೇನೆ. ಆಮೇಲೆ ಕಾಲಮ್‌ನಲ್ಲಿ ಶುದ್ಧ ಮಾಡಿಬಿಡಿ, ಇಲ್ಲದಿದ್ದರೆ ಅದೇ ಇಡಿಟಿಎ ಮುಂದಿನ ಹಂತದ ಮೆಗ್ನೀಸಿಯಂ ಕಿತ್ತುಕೊಳ್ಳುತ್ತದೆ.

ಡಿಎನ್‌ಎ ಹೋಯಿತೋ ಎಂದು ನೋಡಲು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ (ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ನಕಲಿಸುವ ಎನ್‌ಜೈಮ್) ಹಾಕದ ಒಂದು ಟ್ಯೂಬ್ ಇಟ್ಟು ಪಿಸಿಆರ್ ಮಾಡಿ. ಅದರಲ್ಲಿ ಏನೂ ಬರಬಾರದು. ಇಲಿಯ ಜೀನೋಮ್‌ನಲ್ಲಿ, ಇಂಥ ಪರೀಕ್ಷೆಗೆ ಸಾಮಾನ್ಯವಾಗಿ ಬಳಸುವ ಜಿಎಪಿಡಿಎಚ್ ಜೀನ್‌ನ ಸತ್ತ ನಕಲುಗಳು ನೂರಾರು ಇವೆ. ಅವುಗಳಲ್ಲಿ ಇಂಟ್ರಾನ್, ಅಂದರೆ ಎಂಆರ್‌ಎನ್‌ಎ ಆಗುವಾಗ ಕತ್ತರಿಸಿ ಹೋಗುವ ಭಾಗ, ಇಲ್ಲ. "ನನ್ನ ಪ್ರೈಮರ್ (ನಕಲು ಶುರು ಮಾಡಿಸುವ ಚಿಕ್ಕ ಡಿಎನ್‌ಎ ತುಂಡು) ಇಂಟ್ರಾನ್ ದಾಟುತ್ತದೆ, ಡಿಎನ್‌ಎ ಇದ್ದರೂ ತೊಂದರೆಯಿಲ್ಲ" ಎನ್ನುವ ಧೈರ್ಯ ಈ ಜೀನ್ ವಿಷಯದಲ್ಲಿ ನಡೆಯುವುದಿಲ್ಲ.

## ಹಂತ 6: ತಲೆ ಹಿಡಿಯುವ ಸಿಡಿಎನ್‌ಎ

ತಲೆ ತುದಿ ಉಳಿಸಿಕೊಳ್ಳಲು ಹೆಸರಾದ ದಾರಿಗಳು ಮೂರು. ಜಪಾನಿನ ರೈಕೆನ್ ಸಂಸ್ಥೆಯವರು ಇಲಿಯ ಸಿಡಿಎನ್‌ಎ ಸಂಗ್ರಹ ಕಟ್ಟಲು ಬಳಸಿದ್ದು ಕ್ಯಾಪ್ ಟ್ರ್ಯಾಪರ್. ಅದರಲ್ಲಿ ಕ್ಯಾಪ್‌ಗೆ ಬಯೋಟಿನ್ ಎಂಬ ಹಿಡಿಕೆ ಅಂಟಿಸುತ್ತಾರೆ. ನಕಲು ತಲೆಯವರೆಗೆ ತಲುಪದ ಆರ್‌ಎನ್‌ಎಯನ್ನು ಆರ್‌ಎನ್‌ಏಸ್ 1 ಕತ್ತರಿಸುತ್ತದೆ, ಆಗ ಅದರ ಕ್ಯಾಪ್ ಕಳಚಿಹೋಗುತ್ತದೆ. ತಲೆ ತಲುಪಿದವು ಮಾತ್ರ ಮಣಿಗಳಿಗೆ ಅಂಟುತ್ತವೆ. ಎರಡನೆಯದು ಆಲಿಗೊ ಕ್ಯಾಪಿಂಗ್. ಅದರಲ್ಲಿ ಕ್ಯಾಪ್ ತೆಗೆದು ಆ ಜಾಗಕ್ಕೆ ಸೀಕ್ವೆನ್ಸ್ ಗೊತ್ತಿರುವ ಒಂದು ಆಲಿಗೊ (ಕೃತಕವಾಗಿ ಮಾಡಿದ ಚಿಕ್ಕ ಸರ) ಜೋಡಿಸುತ್ತಾರೆ. ಎರಡೂ ಪಕ್ಕಾ ವಿಧಾನಗಳೇ, ಆದರೆ ಆರ್‌ಎನ್‌ಎ ಜಾಸ್ತಿ ಬೇಕು, ಹಂತಗಳೂ ಜಾಸ್ತಿ.

ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಮೂರನೆಯದು, ಟೆಂಪ್ಲೇಟ್ ಸ್ವಿಚಿಂಗ್. ಎಂಎಂಎಲ್‌ವಿ ಎಂಬ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎನ್‌ಜೈಮ್ ಆರ್‌ಎನ್‌ಎಯ ತಲೆ ತುದಿಗೆ ಬಂದಾಗ ತಾನಾಗೇ ಎರಡು ಮೂರು ಸಿ ಬೇಸ್ ಸೇರಿಸುತ್ತದೆ. ತುದಿಯಲ್ಲಿ ಮೂರು ಜಿ ಇರುವ ಆಲಿಗೊವನ್ನು (ಸ್ವಿಚ್ ಆಲಿಗೊ) ಅಲ್ಲಿ ಇಟ್ಟಿದ್ದರೆ ಅದು ಆ ಸಿಗಳಿಗೆ ಜೋಡಿಯಾಗುತ್ತದೆ, ಎನ್‌ಜೈಮ್ ಅದರ ಮೇಲೂ ನಕಲು ಮುಂದುವರಿಸುತ್ತದೆ. ಹೀಗೆ ತಲೆ ತುದಿಗೆ ಒಂದು ಗುರುತು ಸಿಕ್ಕಿತು. ಒಂದು ಎಚ್ಚರಿಕೆ: ಒಡೆದ ಆರ್‌ಎನ್‌ಎಯ ತುದಿಯಲ್ಲೂ ಇದು ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ಗುರುತು ಇದ್ದ ಮಾತ್ರಕ್ಕೆ ಕ್ಯಾಪ್ ಇತ್ತು ಎಂದಲ್ಲ.

ಬಾಲದ ಕಡೆಗೆ ಲಂಗರು ಇರುವ ಆಲಿಗೊ ಡಿಟಿ (ಸಾಲಾಗಿ ಟಿ ಬೇಸ್‌ಗಳಿರುವ) ಪ್ರೈಮರ್ ಬಳಸಿ. ಅದರ ತುದಿಯಲ್ಲಿ ಟಿ ಅಲ್ಲದ ಬೇಸ್ ಒಂದು ಇರುವುದರಿಂದ ಬಾಲದ ಶುರುವಿನಲ್ಲೇ ಕೂರುತ್ತದೆ. ಆರ್‌ಎನ್‌ಎ, ಪ್ರೈಮರ್ ಸೇರಿಸಿ 65 ಡಿಗ್ರಿಯಲ್ಲಿ 5 ನಿಮಿಷ, ಕೂಡಲೇ ಐಸ್ ಮೇಲೆ 1 ನಿಮಿಷ. ಆಮೇಲೆ ಬಫರ್, ಆರ್‌ಎನ್‌ಏಸ್ ತಡೆ, ಸ್ವಿಚ್ ಆಲಿಗೊ, ಎನ್‌ಜೈಮ್ ಹಾಕಿ 42 ಡಿಗ್ರಿಯಲ್ಲಿ 90 ನಿಮಿಷ. ತಲೆಯ ಹತ್ತಿರ ಜಿ, ಸಿ ಜಾಸ್ತಿ ಇರುವ ಜೀನ್‌ಗಳು ಗಂಟು ಹಾಕಿಕೊಂಡಿರುತ್ತವೆ, ಎನ್‌ಜೈಮ್ ಅಲ್ಲಿ ಮುಗ್ಗರಿಸುತ್ತದೆ. ರೈಕೆನ್ ತಂಡ 1998ರಲ್ಲಿ ಟ್ರೆಹಲೋಸ್ ಸಕ್ಕರೆ ಹಾಕಿ ಎನ್‌ಜೈಮ್ ಅನ್ನು 60 ಡಿಗ್ರಿಯಲ್ಲೂ ಕೆಲಸ ಮಾಡಿಸಿತ್ತು. ಗಂಟು ಬಿಡಿಸಲು ಆ ಉಪಾಯ ಇಂದಿಗೂ ಉಪಯೋಗಕ್ಕೆ ಬರುತ್ತದೆ.

ಒಂದು ಮಿತಿ ಈಗಲೇ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಹಿಸ್ಟೋನ್ ಜೀನ್‌ಗಳ ಬಹುಪಾಲು ಎಂಆರ್‌ಎನ್‌ಎಗೆ ಎ ಬಾಲವೇ ಇಲ್ಲ. ಬಾಲ ಹಿಡಿಯುವ ಈ ಕ್ರಮದಲ್ಲಿ ಅವು ಸಿಗುವುದಿಲ್ಲ. ಪಟ್ಟಿಯಲ್ಲಿ ಅವು ಕಾಣಲಿಲ್ಲ ಎಂದರೆ ಲಿವರ್‌ನಲ್ಲಿ ಇಲ್ಲ ಎಂದು ತಿಳಿಯಬೇಡಿ.

ಇಲ್ಲಿ ನಿಂತು ಪರೀಕ್ಷೆ ಮಾಡಿ. ಲಿವರ್‌ನಲ್ಲಿ ಚೆನ್ನಾಗಿ ನಡೆಯುವ ಒಂದು ಉದ್ದ ಜೀನ್ ಆರಿಸಿ. ಸಿಪಿಎಸ್1 ಒಳ್ಳೆಯದು, ಅದರ ಎಂಆರ್‌ಎನ್‌ಎ 5,000 ಬೇಸ್‌ಗಿಂತ ಉದ್ದ. ತಲೆಯ ಹತ್ತಿರ ಒಂದು ಜೋಡಿ, ಬಾಲದ ಹತ್ತಿರ ಒಂದು ಜೋಡಿ ಪ್ರೈಮರ್ ಇಟ್ಟು ಕ್ಯೂಪಿಸಿಆರ್ (ಪ್ರಮಾಣ ಅಳೆಯುವ ಪಿಸಿಆರ್) ಮಾಡಿ. ಎರಡೂ ಜೋಡಿಯ ದಕ್ಷತೆ ಒಂದೇ ಇದೆಯೆಂದು ಮೊದಲು ಖಚಿತ ಮಾಡಿಕೊಳ್ಳಿ. ತಲೆಯ ಕಡೆ ಒಂದೆರಡು ಸೈಕಲ್ ತಡ ಆದರೆ ಸರಿ. ಐದಾರು ಸೈಕಲ್ ತಡವಾದರೆ ನಿಲ್ಲಿಸಿ, ಹಂತ 2ಕ್ಕೆ ಹಿಂತಿರುಗಿ. ಅರ್ಧ ದಿನದ ಈ ಪರೀಕ್ಷೆಯನ್ನು ಬಿಟ್ಟವರೇ ಕೊನೆಗೆ ಬಾಲಗಳ ಲೈಬ್ರರಿ ಹಿಡಿದುಕೊಂಡು ಬರುವುದು.

## ಹಂತ 7: ಹೆಚ್ಚಿಸುವುದು, ಚಿಕ್ಕವನ್ನು ಬಿಡುವುದು

ಪಿಸಿಆರ್ ಸೈಕಲ್ ಎಷ್ಟು ಎಂದು ಬೇರೆಯವರನ್ನು ಕೇಳಬೇಡಿ. ಒಂದು ಟ್ಯೂಬ್‌ನಿಂದ 12, 15, 18, 21ನೇ ಸೈಕಲ್‌ನಲ್ಲಿ ಸ್ವಲ್ಪ ಸ್ವಲ್ಪ ತೆಗೆದು ಜೆಲ್‌ನಲ್ಲಿ ಓಡಿಸಿ. ಇನ್ನೂ ಏರುತ್ತಿರುವಾಗಿನ ಕೊನೇ ಅಂಕಿಯನ್ನು ಆರಿಸಿ. ಲಿವರ್ ಸಿಡಿಎನ್‌ಎ ಸರಿಯಾಗಿದ್ದರೆ ಅರ್ಧ ಕಿಲೋಬೇಸ್‌ನಿಂದ ನಾಲ್ಕೈದು ಕಿಲೋಬೇಸ್‌ವರೆಗೆ ಮಂಜು ಕಾಣುತ್ತದೆ. ಅದರ ನಡುವೆ ಕೆಲವು ಹೊಳೆಯುವ ಪಟ್ಟೆಗಳೂ ಇರುತ್ತವೆ. 2 ಕಿಲೋಬೇಸ್ ಹತ್ತಿರದ್ದು ಬಹುಪಾಲು ಆಲ್ಬುಮಿನ್. ಮಂಜು ಮೇಲೆ ಮೇಲೆ ಜರುಗಿ ಬಾವಿಯ ಕಡೆಗೆ ಹೋಗುತ್ತಿದ್ದರೆ ಸೈಕಲ್ ಜಾಸ್ತಿಯಾಗಿದೆ.

ಚಿಕ್ಕ ತುಂಡುಗಳು ಎಲ್ಲ ಕಡೆಯೂ ಗೆಲ್ಲುತ್ತವೆ. ಪಿಸಿಆರ್‌ನಲ್ಲಿ ಬೇಗ ಬೆಳೆಯುತ್ತವೆ, ವೆಕ್ಟರ್‌ಗೆ (ತುಂಡನ್ನು ಬ್ಯಾಕ್ಟೀರಿಯದೊಳಗೆ ಹೊತ್ತೊಯ್ಯುವ ಡಿಎನ್‌ಎಗೆ) ಬೇಗ ಸೇರುತ್ತವೆ. ಹಾಗಾಗಿ ಡಿಎನ್‌ಎ ಅಂಟಿಸಿಕೊಳ್ಳುವ ಕಾಂತದ ಮಣಿಗಳಿಂದ ಗಾತ್ರ ಆಯ್ಕೆ ಮಾಡಿ. ಮಣಿ ದ್ರಾವಣವನ್ನು 0.6 ಪಟ್ಟು ಹಾಕಿದರೆ ಸುಮಾರು 500 ಬೇಸ್‌ಗಿಂತ ಚಿಕ್ಕವು ಬಹುಪಾಲು ಹೋಗುತ್ತವೆ. ಹೊಸ ಬಾಟಲಿ ತೆರೆದಾಗ ಒಮ್ಮೆ ಲ್ಯಾಡರ್ (ಗಾತ್ರ ಗೊತ್ತಿರುವ ಡಿಎನ್‌ಎ ತುಂಡುಗಳ ಮಿಶ್ರಣ) ಮೇಲೆ ಪರೀಕ್ಷಿಸಿ.

ಉದ್ದ ರೀಡ್ (ಒಂದೇ ಸಲಕ್ಕೆ ಓದಿದ ಬೇಸ್‌ಗಳ ಸಾಲು) ಕೊಡುವ ಪ್ಯಾಕ್‌ಬಯೋ ಅಥವಾ ನ್ಯಾನೋಪೋರ್ ಸೀಕ್ವೆನ್ಸಿಂಗ್‌ಗೆ ಹೋಗುವವರು ಇಲ್ಲಿಂದ ನೇರವಾಗಿ ಹಂತ 10ಕ್ಕೆ ಹೋಗಿ. ಪಟ್ಟಿ ಮಾತ್ರ ಬೇಕಿದ್ದರೆ ಅದು ಸಾಕು. ಜೀವಕೋಶಕ್ಕೆ ಹಾಕಿ ಪ್ರೋಟೀನ್ ಮಾಡಿಸಬೇಕು, ಬೇರೆಯವರಿಗೂ ಕೊಡಬೇಕು ಎಂದಿದ್ದರೆ ಕೈಯಲ್ಲಿ ಕ್ಲೋನ್ ಇರಲೇಬೇಕು. ಅಮೆರಿಕದ ಎನ್‌ಐಎಚ್ 1999ರಲ್ಲಿ ಶುರು ಮಾಡಿದ ಮ್ಯಾಮೇಲಿಯನ್ ಜೀನ್ ಕಲೆಕ್ಷನ್ ಮನುಷ್ಯ, ಇಲಿಗಳ ಕ್ಲೋನ್‌ಗಳನ್ನು ಕೂಡಿಟ್ಟಿದ್ದು ಈ ಕಾರಣಕ್ಕೇ. ನಿಮಗೆ ಒಂದೆರಡು ಜೀನ್ ಸಾಕಾದರೆ ಅಲ್ಲಿ ಆಗಲೇ ಇದೆಯೋ ಎಂದು ಮೊದಲು ಹುಡುಕಿ.

## ಹಂತ 8: ಕ್ಲೋನ್ ಮಾಡುವುದು

ಎರಡು ತುದಿಗೂ ಎಸ್‌ಎಫ್‌ಐ1 ಎನ್‌ಜೈಮ್ ಕತ್ತರಿಸುವ ಬೇರೆ ಬೇರೆ ಜಾಗ ಇರುವ ಪ್ರೈಮರ್ ಬಳಸಿದರೆ ಸಿಡಿಎನ್‌ಎ ಒಂದೇ ದಿಕ್ಕಿನಲ್ಲಿ ವೆಕ್ಟರ್‌ಗೆ ಸೇರುತ್ತದೆ. ಈ ಎನ್‌ಜೈಮ್ ಎಂಟು ಬೇಸ್‌ಗಳ ಗುರುತು ನೋಡಿ ಕತ್ತರಿಸುತ್ತದೆ, ಹಾಗಾಗಿ ಜೀನ್ ಒಳಗೆ ಕತ್ತರಿಸುವುದು ಅಪರೂಪ. ಅದು ಕೆಲಸ ಮಾಡುವುದು 50 ಡಿಗ್ರಿಯಲ್ಲಿ. ಅಭ್ಯಾಸಬಲದಿಂದ 37ಕ್ಕೆ ಇಡಬೇಡಿ.

ಲೈಗೇಶನ್ (ತುಂಡನ್ನು ವೆಕ್ಟರ್‌ಗೆ ಬೆಸೆಯುವುದು) ಆದ ಮೇಲೆ ಉಪ್ಪು ತೆಗೆದೇ ಎಲೆಕ್ಟ್ರೊಪೊರೇಶನ್ ಮಾಡಿ. ಉಪ್ಪು ಉಳಿದಿದ್ದರೆ ಕ್ಯುವೆಟ್‌ನಲ್ಲಿ ಕಿಡಿ ಹಾರಿ ಬ್ಯಾಕ್ಟೀರಿಯ ಸಾಯುತ್ತವೆ. 1 ಮಿಲಿಮೀಟರ್ ಕ್ಯುವೆಟ್‌ಗೆ 1.8 ಕಿಲೋವೋಲ್ಟ್. ಆದ ಕ್ಷಣವೇ ಎಸ್‌ಒಸಿ ಎಂಬ ಪೋಷಕ ದ್ರವ ಹಾಕಿ 37 ಡಿಗ್ರಿಯಲ್ಲಿ 1 ಗಂಟೆ ಇಡಿ. ಟಿ1 ಫೇಜ್‌ಗೆ ಬಗ್ಗದ ಬ್ಯಾಕ್ಟೀರಿಯ ತಳಿಯನ್ನೇ ಕೊಳ್ಳಿ. ಆ ವೈರಸ್ ಗಾಳಿಯಲ್ಲೂ ಹರಡಿ ಇಡೀ ಸಂಗ್ರಹ ಹಾಳು ಮಾಡಬಲ್ಲದು.

ಎಷ್ಟು ಕ್ಲೋನ್ ಬೇಕು? ಲಕ್ಷಕ್ಕೊಂದು ಇರುವ ಅಪರೂಪದ ಟ್ರಾನ್ಸ್‌ಕ್ರಿಪ್ಟ್ 99% ಖಾತ್ರಿಯಾಗಿ ಒಮ್ಮೆಯಾದರೂ ಇರಬೇಕಾದರೆ ಸುಮಾರು 4.6 ಲಕ್ಷ ಸ್ವತಂತ್ರ ಕ್ಲೋನ್ ಬೇಕು. 1:10, 1:100, 1:1000 ತೆಳುಮಾಡಿ ಪ್ಲೇಟ್ ಮಾಡಿ ಎಣಿಸಿ. ಸಂಖ್ಯೆ ಕಡಿಮೆ ಬಂದರೆ ಬ್ಯಾಕ್ಟೀರಿಯ ಬೆಳೆಸಿ ಹೆಚ್ಚಿಸಲು ಹೋಗಬೇಡಿ. ಅದರಿಂದ ಹೊಸ ಟ್ರಾನ್ಸ್‌ಕ್ರಿಪ್ಟ್ ಹುಟ್ಟುವುದಿಲ್ಲ, ಇರುವ ಚಿಕ್ಕವೇ ಹೆಚ್ಚುತ್ತವೆ. ಮತ್ತೊಮ್ಮೆ ಲೈಗೇಶನ್ ಮಾಡಿ.

ಮುಂದೆ ಹೋಗುವ ಮುಂಚೆ 24 ಕಾಲೊನಿ ಆರಿಸಿ ಒಳಗಿನ ತುಂಡಿನ ಗಾತ್ರ ನೋಡಿ. ಸರಾಸರಿ 1.5 ಕಿಲೋಬೇಸ್‌ಗಿಂತ ಕಡಿಮೆ ಇದ್ದರೆ, ಅಥವಾ ಮೂರು ನಾಲ್ಕು ಖಾಲಿ ವೆಕ್ಟರ್ ಸಿಕ್ಕರೆ, ಹಂತ 7ಕ್ಕೆ ವಾಪಸ್.

## ಹಂತ 9: ಪ್ಲೇಟ್‌ಗೆ ಹಾಕುವುದು

ಕಾಲೊನಿಗಳನ್ನು 384 ಗುಂಡಿಯ ಪ್ಲೇಟ್‌ಗೆ ಒಂದೊಂದಾಗಿ ಹಾಕಿ, ಗ್ಲಿಸರಾಲ್ ಸೇರಿಸಿ −80ರಲ್ಲಿಡಿ. ಎರಡು ಪ್ರತಿ ಮಾಡಿ, ಎರಡನ್ನೂ ಬೇರೆ ಬೇರೆ ಫ್ರೀಜರ್‌ನಲ್ಲಿ, ಸಾಧ್ಯವಾದರೆ ಬೇರೆ ಬೇರೆ ವಿದ್ಯುತ್ ಲೈನ್‌ನಲ್ಲಿ ಇಡಿ.

ಪ್ಲೇಟ್ ನೋಡಲು ಎರಡೂ ಕಡೆಯಿಂದ ಒಂದೇ ಥರ ಇರುತ್ತದೆ. 180 ಡಿಗ್ರಿ ತಿರುಗಿದರೆ ಎ1 ಇದ್ದದ್ದು ಪಿ24 ಆಗುತ್ತದೆ, ಇಡೀ 384 ಹೆಸರೂ ತಪ್ಪು. ನನಗೇ ಒಮ್ಮೆ ಹೀಗಾಗಿ, ಎರಡು ವಾರದ ಸೀಕ್ವೆನ್ಸ್ ಒಂದೂ ಕ್ಲೋನ್ ಜೊತೆ ತಾಳೆಯಾಗಲಿಲ್ಲ. ಅಂದಿನಿಂದ ಪ್ರತಿ ಪ್ಲೇಟ್‌ನಲ್ಲೂ ಎರಡು ಗುಂಡಿ ಖಾಲಿ ಬಿಡುತ್ತೇನೆ. ಅವು ಒಂದಕ್ಕೊಂದು ಎದುರುಬದಿರು ಇರಬಾರದು. ಎ1, ಎ2 ಖಾಲಿ ಬಿಟ್ಟರೆ ಸಾಕು, ತಿರುಗಿದ್ದು ಮೊದಲ ನೋಟಕ್ಕೇ ಗೊತ್ತಾಗುತ್ತದೆ.

## ಹಂತ 10: ಓದುವುದು, ತೊಳೆಯುವುದು

ಕ್ಲೋನ್‌ಗಳಿಗೆ ಮೊದಲು ತಲೆ ಕಡೆಯಿಂದ ಒಂದು ಸ್ಯಾಂಗರ್ ರೀಡ್ ಮಾಡಿಸಿ. 600–800 ಬೇಸ್ ಚೆನ್ನಾಗಿ ಬರುತ್ತದೆ. ಓದಿನ ಗುಣಮಟ್ಟ ಹೇಳುವ ಫ್ರೆಡ್ ಅಂಕಿ 20 ಎಂದರೆ ನೂರಕ್ಕೊಂದು ತಪ್ಪು, 30 ಎಂದರೆ ಸಾವಿರಕ್ಕೊಂದು. 20ಕ್ಕಿಂತ ಕೆಳಗಿನ ಅಂಚುಗಳನ್ನು ಕತ್ತರಿಸಿ.

ಆಮೇಲೆ ವೆಕ್ಟರ್, ಪ್ರೈಮರ್, ಇ ಕೋಲೈ, ರೈಬೊಸೋಮ್, ಮೈಟೊಕಾಂಡ್ರಿಯ ಸೀಕ್ವೆನ್ಸ್‌ಗಳನ್ನು ಗುರುತಿಸಿ ಪಕ್ಕಕ್ಕಿಡಿ. ಎಷ್ಟು ತೆಗೆದಿರಿ ಎಂಬ ಲೆಕ್ಕ ಬರೆದಿಡಿ. ಮಧ್ಯದಲ್ಲಿ ಸ್ವಿಚ್ ಆಲಿಗೊ ಕಂಡರೆ ಎರಡು ಟ್ರಾನ್ಸ್‌ಕ್ರಿಪ್ಟ್ ಅಂಟಿಕೊಂಡಿವೆ ಎಂದರ್ಥ. ಅಂಥ ಕ್ಲೋನನ್ನು ಪೂರ್ತಿ ಬಿಡಿ.

## ಹಂತ 11: ಜೀನೋಮ್ ಮೇಲೆ ಕೂರಿಸಿ ನಿಜ ಸುಳ್ಳು ನೋಡುವುದು

ಇಲಿಗೆ ಜಿಆರ್‌ಸಿಎಂ39, ಮನುಷ್ಯನಿಗೆ ಜಿಆರ್‌ಸಿಎಚ್38 ಜೀನೋಮ್ ಬಳಸಿ. ನಿಮ್ಮ ಸೀಕ್ವೆನ್ಸ್ ಜೀನೋಮ್‌ನಲ್ಲಿ ಎಲ್ಲಿ ಕೂರುತ್ತದೆ ಎಂದು ಹುಡುಕುವ ಮಿನಿಮ್ಯಾಪ್2 ತಂತ್ರಾಂಶವನ್ನು ಸ್ಪ್ಲೈಸ್ ಮೋಡ್‌ನಲ್ಲಿ ಓಡಿಸಿ. ಸ್ಪ್ಲೈಸ್ ಮೋಡ್ ಮರೆತರೆ ಇಂಟ್ರಾನ್ ದಾಟಲಾಗದೆ ತುಂಡು ತುಂಡಾಗಿ ಕೂರುತ್ತದೆ. ಹೊಸಬರು ಅದನ್ನೇ ಹೊಸ ಜೀನ್ ಎಂದುಕೊಳ್ಳುತ್ತಾರೆ.

ಹೊಸ ಟ್ರಾನ್ಸ್‌ಕ್ರಿಪ್ಟ್ ಸಿಕ್ಕಿತು ಎಂದು ಖುಷಿಪಡುವ ಮುಂಚೆ ಈ ಅನುಮಾನಗಳನ್ನು ಪರಿಹರಿಸಿಕೊಳ್ಳಿ.

ಬಾಲ ನಿಜವೇ? ಸಿಡಿಎನ್‌ಎ ಮುಗಿದ ಜಾಗದ ಮುಂದೆ ಜೀನೋಮ್‌ನಲ್ಲೇ ಆರಕ್ಕಿಂತ ಹೆಚ್ಚು ಎ ಸಾಲಾಗಿದ್ದರೆ, ಆಲಿಗೊ ಡಿಟಿ ಬಾಲ ಬಿಟ್ಟು ಮಧ್ಯದಲ್ಲಿ ಕೂತಿರಬಹುದು. ನಿಜವಾದ ಬಾಲಕ್ಕೆ 10–30 ಬೇಸ್ ಮುಂಚೆ ಎಎಟಿಎಎಎ ಅಥವಾ ಅದರ ಹತ್ತಿರದ ಗುರುತು ಸಾಮಾನ್ಯವಾಗಿ ಇರುತ್ತದೆ.

ತಲೆ ನಿಜವೇ? ಶುರುವಿನ ಜಾಗವನ್ನು ರೈಕೆನ್‌ನ ಫ್ಯಾಂಟಮ್5 ಕೇಜ್ ಮಾಹಿತಿಯ ಜೊತೆ ಹೋಲಿಸಿ. ಅದು ಕ್ಯಾಪ್ ಇದ್ದ ಜಾಗಗಳ ನಕ್ಷೆ. ಗೊತ್ತಿರುವ ಎಕ್ಸಾನ್‌ನ (ಎಂಆರ್‌ಎನ್‌ಎಯಲ್ಲಿ ಉಳಿಯುವ ಭಾಗದ) ಮಧ್ಯದಿಂದ ನಿಮ್ಮದು ಶುರುವಾಗಿ, ಹತ್ತಿರ ಕೇಜ್ ಗುರುತೂ ಇಲ್ಲದಿದ್ದರೆ ಅದು ತಲೆ ಕಳೆದುಕೊಂಡ ತುಂಡು.

ಇಂಟ್ರಾನ್ ನಿಜವೇ? ಇಂಟ್ರಾನ್‌ಗಳ ಬಹುದೊಡ್ಡ ಪಾಲು ಜಿಟಿಯಿಂದ ಶುರುವಾಗಿ ಎಜಿಯಲ್ಲಿ ಮುಗಿಯುತ್ತದೆ. ಹಾಗಲ್ಲದ ಇಂಟ್ರಾನ್ ಒಂದೇ ರೀಡ್‌ನಲ್ಲಿ ಕಂಡು, ಎರಡೂ ಅಂಚಲ್ಲಿ ಒಂದೇ ಚಿಕ್ಕ ಸಾಲು ಪುನರಾವರ್ತನೆಯಾಗಿದ್ದರೆ, ಎನ್‌ಜೈಮ್ ಜಿಗಿದು ಮಾಡಿದ ಸುಳ್ಳು ಇಂಟ್ರಾನ್ ಎಂದೇ ತಿಳಿಯಿರಿ. ಒಂದೂ ಇಂಟ್ರಾನ್ ಇಲ್ಲದ "ಹೊಸ ಜೀನ್‌"ಗಳನ್ನು ಇನ್ನೂ ಜಾಸ್ತಿ ಅನುಮಾನದಿಂದ ನೋಡಿ. ಉಳಿದ ಡಿಎನ್‌ಎ, ಸತ್ತ ನಕಲುಗಳು ಕಾಣುವುದೂ ಹೀಗೆಯೇ.

ಬೇಸ್ ವ್ಯತ್ಯಾಸವೆಲ್ಲ ತಪ್ಪಲ್ಲ ಎಂಬುದಕ್ಕೆ ಲಿವರ್‌ನಲ್ಲೇ ಚಂದದ ಉದಾಹರಣೆ ಇದೆ. ಎಪಿಒಬಿ ಜೀನ್‌ನ ಒಂದು ಕಡೆ ಜೀನೋಮ್‌ನಲ್ಲಿ ಸಿ ಇದ್ದರೆ ನಿಮ್ಮ ಸಿಡಿಎನ್‌ಎಯಲ್ಲಿ ಟಿ ಸಿಗಬಹುದು. ಇಲಿಯ ಲಿವರ್ ಆ ಎಂಆರ್‌ಎನ್‌ಎಯನ್ನು ತಾನೇ ತಿದ್ದುತ್ತದೆ. ಸಿಎಎ ಇದ್ದದ್ದು ಯುಎಎ ಆಗಿ, ಪ್ರೋಟೀನ್ ಅಲ್ಲಿಗೇ ನಿಂತು ಚಿಕ್ಕದಾಗುತ್ತದೆ. ಮನುಷ್ಯರಲ್ಲಿ ಈ ತಿದ್ದುಪಡಿ ನಡೆಯುವುದು ಸಣ್ಣ ಕರುಳಿನಲ್ಲಿ. ಇಂಥದ್ದನ್ನು "ಸೀಕ್ವೆನ್ಸಿಂಗ್ ತಪ್ಪು" ಎಂದು ಅಳಿಸಿಬಿಟ್ಟರೆ ಎಂಥ ನಷ್ಟ!

## ಹಂತ 12: ಪಟ್ಟಿ ಬರೆಯುವುದು

ಒಂದು ಟ್ರಾನ್ಸ್‌ಕ್ರಿಪ್ಟ್‌ಗೆ ಒಂದು ಸಾಲು. ಪ್ರತಿ ಸಾಲಿನಲ್ಲೂ ನಿಮ್ಮ ಸ್ವಂತ ಬದಲಾಗದ ಸಂಖ್ಯೆ, ಪ್ಲೇಟ್ ಮತ್ತು ಗುಂಡಿ, ಯಾವ ಇಲಿ, ಯಾವ ಆರ್‌ಎನ್‌ಎ ಬ್ಯಾಚ್, ಅದರ ರಿನ್, ಜೀನೋಮ್ ಆವೃತ್ತಿ, ಕ್ರೋಮೋಸೋಮ್ ಮೇಲಿನ ಜಾಗ ಮತ್ತು ದಿಕ್ಕು, ಎಕ್ಸಾನ್ ಅಂಚುಗಳು, ತಲೆಗೆ ಸಾಕ್ಷಿ ಏನು, ಬಾಲಕ್ಕೆ ಸಾಕ್ಷಿ ಏನು, ಪ್ರೋಟೀನ್ ಭಾಗ ಪೂರ್ಣವೋ ಎಂಬುದು ಇರಲಿ. ತಲೆ, ಬಾಲದ ಸಾಕ್ಷಿಯ ಎರಡು ಕಾಲಮ್‌ಗಳನ್ನು ಬಹಳ ಜನ ಬಿಡುತ್ತಾರೆ. ನಿಮ್ಮ ಪಟ್ಟಿಯನ್ನು ಬಳಸುವವರಿಗೆ ಎಲ್ಲಕ್ಕಿಂತ ಮೊದಲು ಬೇಕಾಗುವುದು ಅವೇ.

ಗೊತ್ತಿರುವ ಜೀನ್ ಆದರೆ ರೆಫ್‌ಸೀಕ್ ಅಥವಾ ಎನ್‌ಸೆಂಬಲ್ ಎಂಬ ಸಾರ್ವಜನಿಕ ಜೀನ್ ದತ್ತಾಂಶಕೋಶದ ಸಂಖ್ಯೆಯನ್ನು ಚುಕ್ಕಿಯ ಆಚೆಗಿನ ಆವೃತ್ತಿ ಅಂಕಿ ಸಮೇತ ಬರೆಯಿರಿ. ರೆಫ್‌ಸೀಕ್‌ನಲ್ಲಿ ಎನ್ಎಂ ಎಂದು ಶುರುವಾಗುವವು ಪ್ರೋಟೀನ್ ಮಾಡುವ ಎಂಆರ್‌ಎನ್‌ಎ, ಎನ್ಆರ್ ಎಂದರೆ ಪ್ರೋಟೀನ್ ಮಾಡದವು, ಎಕ್ಸ್ಎಂ ಎಂದರೆ ಕಂಪ್ಯೂಟರ್ ಊಹಿಸಿದ ಎಂಆರ್‌ಎನ್‌ಎ. ಎಕ್ಸ್ಎಂ ಜೊತೆ ನಿಮ್ಮದು ತಾಳೆಯಾದರೆ ನಿಮ್ಮ ಕ್ಲೋನ್ ಆ ಊಹೆಗೆ ನಿಜವಾದ ಸಾಕ್ಷಿ. ಅದಕ್ಕೊಂದು ಗುರುತು ಹಾಕಿ.

ಜೀನ್ ಹೆಸರುಗಳನ್ನು ಎಕ್ಸೆಲ್‌ನಲ್ಲಿ ಸುಮ್ನೆ ತೆರೆಯಬೇಡಿ. ಸೆಪ್ಟ್2, ಮಾರ್ಚ್1 ಎಂಬ ಜೀನ್ ಹೆಸರುಗಳನ್ನು ಅದು ದಿನಾಂಕ ಮಾಡಿಬಿಡುತ್ತಿತ್ತು. ಈ ಕಾಟಕ್ಕೆ ಮನುಷ್ಯ ಜೀನ್‌ಗಳ ಹೆಸರಿಡುವ ಸಮಿತಿ ಕೊನೆಗೆ ಹೆಸರುಗಳನ್ನೇ ಬದಲಿಸಿತು, ಸೆಪ್ಟಿನ್2, ಮಾರ್ಚ್‌ಎಫ್1 ಎಂದು. ಹಳೆಯ ಪಟ್ಟಿಗಳಲ್ಲಿ ಹಳೆಯ ಹೆಸರೇ ಇದೆ. ಫೈಲ್ ಆಮದು ಮಾಡುವಾಗ ಆ ಕಾಲಮನ್ನು ಪಠ್ಯ ಎಂದು ಗುರುತಿಸಿ. ಹೆಸರಿನ ಪಕ್ಕ ಜೀನ್ ಸಂಖ್ಯೆಯನ್ನೂ ಇಡಿ. ಹೆಸರು ಬದಲಾಗಬಹುದು, ಸಂಖ್ಯೆ ಹಾಗೆ ಬದಲಾಗುವುದಿಲ್ಲ.

ಕೊನೆಗೆ ಸೀಕ್ವೆನ್ಸ್‌ಗಳನ್ನು ಸಾರ್ವಜನಿಕ ಸಂಗ್ರಹಕ್ಕೆ ಜಮೆ ಮಾಡುವುದು. ಅಮೆರಿಕದ ಜೆನ್‌ಬ್ಯಾಂಕ್, ಯೂರೋಪಿನ ಇಎನ್‌ಎ, ಜಪಾನಿನ ಡಿಡಿಬಿಜೆ ಮೂರೂ ತಮ್ಮ ಮಾಹಿತಿ ಹಂಚಿಕೊಳ್ಳುತ್ತವೆ, ಒಂದು ಕಡೆ ಹಾಕಿದರೆ ಸಾಕು. ನಮ್ಮ ದೇಶದ ಲ್ಯಾಬ್‌ನವರಿಗೆ ಫರೀದಾಬಾದ್‌ನ ಇಂಡಿಯನ್ ಬಯಲಾಜಿಕಲ್ ಡೇಟಾ ಸೆಂಟರ್ ಕೂಡ ಇದೆ. ಪೂರ್ಣ ಎಂದು ಖಚಿತವಾದವನ್ನು ಪೂರ್ಣ ಎಂದು, ತಲೆ ಸಿಗದವನ್ನು ಭಾಗಶಃ ಎಂದು ಗುರುತಿಸಿಯೇ ಹಾಕಿ. ಸಿಕ್ಕ ಅಕ್ಸೆಷನ್ ಸಂಖ್ಯೆಯನ್ನು ಅದೇ ದಿನ ನಿಮ್ಮ ಪಟ್ಟಿಯ ಸಾಲಿಗೂ, −80ರಲ್ಲಿರುವ ಪ್ಲೇಟ್‌ನ ನಕ್ಷೆಗೂ ಬರೆಯಿರಿ.